ಎಲ್ಲವೂ ತನಗಾಗಿಯೇ ಎಂದು ನಂಬಿದವರೊಡನೆ

ಸುತ್ತಮುತ್ತ ನಡೆಯುವುದೆಲ್ಲ ತನ್ನನ್ನೇ ಕುರಿತದ್ದು, ತನ್ನಿಂದ ಏನೋ ಮಹತ್ಕಾರ್ಯ ಆಗಬೇಕಿದೆ ಎಂದು ದೃಢವಾಗಿ ನಂಬಿದವರನ್ನು ದಾವಣಗೆರೆಯ ನನ್ನ ಮನೋವೈದ್ಯಕೀಯ ವೃತ್ತಿಯಲ್ಲಿ ಮೇಲಿಂದ ಮೇಲೆ ಕಾಣುತ್ತೇನೆ. ಆ ನಂಬಿಕೆ ಸುಳ್ಳೆಂದು ನಾನು ವಾದಕ್ಕಿಳಿಯುವುದಿಲ್ಲ, ನಿಜವೆಂದು ತಲೆಯಾಡಿಸುವುದೂ ಇಲ್ಲ. ಅದು ಹುಟ್ಟುವ ಮುನ್ನಿನ ದಿನಗಳು ಹೇಗಿದ್ದವು ಎಂದು ವಿಚಾರಿಸುತ್ತೇನೆ.

ಒಬ್ಬ ಯುವಕನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಮತ್ತೆ ಆಳಬೇಕಾದವನು ತಾನೇ, ಅದಕ್ಕೆ ಬೇಕಾದ ಆದೇಶಗಳು ಪಿ.ಬಿ. ರಸ್ತೆಯ ಬಸ್ಸುಗಳ ನಂಬರಿನಲ್ಲಿ ಬರುತ್ತಿವೆ ಎಂಬುದು ಅವನ ನಂಬಿಕೆ. ನೋಟ್‌ಬುಕ್ಕಿನ ಎಡಬದಿಗೆ ನಂಬರು, ಬಲಬದಿಗೆ ಅದರ ಅರ್ಥ. ಕೆಎ 17 ಆದರೆ ಕೆಂಪು ಶಾಯಿ, ಕೆಎ 16 ಆದರೆ ನೀಲಿ. ಒಂದು ಅಕ್ಷರವೂ ಸಾಲು ಬಿಟ್ಟಿರಲಿಲ್ಲ. ಮೊದಲ ಸೂಚನೆ ಸಿಗುವ ಮುಂಚೆ ಹೇಗನ್ನಿಸುತ್ತಿತ್ತು ಎಂದು ಕೇಳಿದಾಗ, ಏನೋ ಆಗಲಿಕ್ಕಿದೆ ಎಂಬ ದಿಗಿಲಿನಲ್ಲಿ ನಿದ್ದೆಯಿಲ್ಲದೆ ಒದ್ದಾಡಿದ್ದನ್ನೂ ಆ ಬಸ್ಸು ಕಂಡೊಡನೆ ಎದೆ ಹಗುರವಾದದ್ದನ್ನೂ ಹೇಳಿದ. ಜರ್ಮನ್ ಮನೋವೈದ್ಯ ಕ್ಲೌಸ್ ಕಾನ್ರಾಡ್ 1958ರಲ್ಲಿ ವಿವರಿಸಿದ್ದು ಇದೇ ಕ್ರಮವನ್ನು: ಮೊದಲು ಉಸಿರು ಬಿಗಿಹಿಡಿಸುವ ಆತಂಕ, ಆಮೇಲೆ ಎಲ್ಲಕ್ಕೂ ಅರ್ಥ ಹೊಳೆದುಬಿಡುವ ಗಳಿಗೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಏರುಪೇರಾದಾಗ ಕ್ಷುಲ್ಲಕ ಸಂಗತಿಗಳೂ ವಿಪರೀತ ಮಹತ್ವದವಾಗಿ ತೋರುತ್ತವೆ, ಆ ಅನುಭವಕ್ಕೆ ಮನಸ್ಸು ಕೊಟ್ಟುಕೊಳ್ಳುವ ವಿವರಣೆಯೇ ಇಂಥ ನಂಬಿಕೆ ಎಂದು ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ವಾದಿಸಿದರು. ನನಗೆ ಇದು ಒಪ್ಪಿಗೆಯಾಗಿದೆ, ಏಕೆಂದರೆ ಡೋಪಮಿನ್‌ನ ಪ್ರಭಾವ ತಗ್ಗಿಸುವ ಮಾತ್ರೆ ಶುರುವಾದ ಮೇಲೆ ಹೆಚ್ಚಿನವರು ಹೇಳುವುದು "ಅದು ಸುಳ್ಳು" ಎಂದಲ್ಲ, "ಈಗ ಅಷ್ಟಾಗಿ ಕಾಡಲ್ಲ ಸಾರ್" ಎಂದು.

ಮೈಮೇಲೆ ದೇವರು ಬರುವುದೂ ಇದೂ ಒಂದೇ ಅಲ್ಲವೇ ಎಂದು ಮನೆಯವರು ಕೇಳುವುದುಂಟು. ದುಗ್ಗಮ್ಮನ ಜಾತ್ರೆಯಲ್ಲಿ ಮೈದುಂಬಿದವರು ಹೊತ್ತಾದ ಮೇಲೆ ಮನೆಗೆ ಹೋಗಿ ಉಣ್ಣುತ್ತಾರೆ, ಮರುದಿನ ಕೆಲಸಕ್ಕೆ ಹೋಗುತ್ತಾರೆ. ಊರಿಗೂ ಅದರ ಆದಿ ಅಂತ್ಯ ಗೊತ್ತಿರುತ್ತದೆ. ಈ ಹುಡುಗನ ಆದೇಶಗಳಿಗೆ ಹೊತ್ತುಗೊತ್ತಿರಲಿಲ್ಲ, ಅವು ಅವನೊಬ್ಬನಿಗೇ ಕಾಣುತ್ತಿದ್ದವು, ಅವುಗಳ ಬೆನ್ನುಹತ್ತಿ ಅವನು ಊಟ, ನಿದ್ದೆ, ಕಾಲೇಜು ಎಲ್ಲ ಬಿಟ್ಟಿದ್ದ. ನಂಬಿಕೆಯ ವಿಚಿತ್ರತೆಗಿಂತ ಈ ಒಂಟಿತನವನ್ನೂ ಬದುಕು ಕೆಟ್ಟಿರುವ ಬಗೆಯನ್ನೂ ನೋಡಿ, ಇದು ಕಾಯಿಲೆಯೋ ಅಲ್ಲವೋ ಎಂಬ ತೀರ್ಮಾನಕ್ಕೆ ನಾನು ಬರುತ್ತೇನೆ. ಇಂಥ ನಂಬಿಕೆಗೆ ಕಾರಣವಾಗಬಲ್ಲ ಮೇನಿಯಾ (ಮಿತಿಮೀರಿದ ಉತ್ಸಾಹದ ಕಾಯಿಲೆ), ಗಾಂಜಾ, ಮೂರ್ಛೆರೋಗಗಳ ಸಾಧ್ಯತೆಯನ್ನು ಪರಿಶೀಲಿಸುವುದಂತೂ ಇದ್ದೇ ಇದೆ.

ರಿಸ್ಪೆರಿಡೋನ್ ಎಂಬ ಮಾತ್ರೆ ಶುರುವಾದ ಮೇಲೆ ನಿದ್ದೆ ಬೇಗ ಮರಳಿತು, ನಂಬಿಕೆ ಸಡಿಲಗೊಳ್ಳಲು ವಾರಗಳೇ ಹಿಡಿದವು. ಕಷ್ಟದ ಕೆಲಸ ಅಲ್ಲಿಂದ ಮುಂದಿನದು. ಕೋಟೆಯ ಒಡೆಯನಾಗಿದ್ದವನು ಈಗ ಡಿಗ್ರಿ ಅರ್ಧಕ್ಕೆ ನಿಲ್ಲಿಸಿ ಮನೆಯಲ್ಲಿ ಕೂತ ಮಗ. ಮನೆಯವರು ಗುಣವಾಯಿತೆಂದು ಹಿಗ್ಗುವ ಹೊತ್ತಿಗೆ ಅವನು ಕುಗ್ಗಿಹೋಗಿದ್ದ. ಇಂಥ ಹಂತದಲ್ಲಿ ಸಾಯುವ ಯೋಚನೆ ಬರುತ್ತಿದೆಯೇ ಎಂದು ನಾನು ನೇರವಾಗಿ ಕೇಳುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಮನೆಯವರಿಗೆ ಬರೆದುಕೊಡುತ್ತೇನೆ, ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದೆಂದು ಎಚ್ಚರಿಸುತ್ತೇನೆ. ಜೊತೆಗೆ, ನಾಲ್ಕು ಜನರಿಗೆ ಬೇಕಾದವನು ಎನ್ನಿಸುವಂಥ ಸಣ್ಣ ಜವಾಬ್ದಾರಿಯೊಂದನ್ನು ಹುಡುಕುತ್ತೇವೆ. ಇವನಿಗೆ ಅದು ಸಿಕ್ಕಿದ್ದು ಸೋದರಮಾವನ ಮಂಡಕ್ಕಿ ಭಟ್ಟಿಯಲ್ಲಿ, ಲೆಕ್ಕ ಬರೆಯುವ ಕೆಲಸವಾಗಿ; ಅವನ ಅಚ್ಚುಕಟ್ಟಾದ ಕೈಬರಹ ಅಲ್ಲಿ ಉಪಯೋಗಕ್ಕೆ ಬಂತು.