ಮಳೆಗಾಲದಲ್ಲಿ ಕ್ವೇಲ್ (ಕೋಳಿ ಜಾತಿಯ ಪುಟ್ಟ ಹಕ್ಕಿ) ಮೊಟ್ಟೆ ಮರಿ ಮಾಡಿಸಿದ್ದು, ನನ್ನ ಅನುಭವ

ಮರಿ ಪೂರ್ತಿ ಬೆಳೆದು ಚಿಪ್ಪೊಳಗೇ ಸತ್ರೆ ಎಲ್ರೂ ಮೊದ್ಲು ಟೆಂಪರೇಚರ್ ಮೇಲೇ ಅನುಮಾನ ಪಡ್ತಾರೆ. ಮೊಟ್ಟೆಗೆ ಕಾವು ಕೊಡೋಕೆ ನಂದು ಮನೇಲೇ ಮಾಡಿದ್ದು: ಥರ್ಮೋಕೋಲ್ ಡಬ್ಬ, ಬಲ್ಬು, ಥರ್ಮೋಸ್ಟಾಟು, ಹಳೇ ಕಂಪ್ಯೂಟರ್ ಫ್ಯಾನು, 37.5 ಡಿಗ್ರಿ ಅಲುಗಾಡ್ದೆ ನಿಂತಿತ್ತು, ಆದ್ರೂ 17-18ನೇ ದಿನಕ್ಕೆ ಬರ್ಬೇಕಾದ ಮರಿ ಬರ್ಲೇ ಇಲ್ಲ. ಒಡೆದು ನೋಡಿದ್ರೆ ಮರಿ ಊದ್ಕೊಂಡು ಒದ್ದೆಮುದ್ದೆ, ದಪ್ಪ ತುದೀಲಿ ಇರ್ಬೇಕಾದ ಗಾಳಿ ಜಾಗ ತೀರಾ ಚಿಕ್ಕದು.

ವಿಷ್ಯ ತೇವಾಂಶದ್ದು. ಮುಂಬೈ ಹತ್ರದ ನಮ್ಮ ಡೊಂಬಿವ್ಲಿ ಜುಲೈ ಗೊತ್ತಲ್ಲ, ಬಟ್ಟೆನೇ ಒಣಗಲ್ಲ, ಅಂಥ ಗಾಳಿನ ಡಬ್ಬದಲ್ಲಿ ಬಿಸಿ ಮಾಡಿದ್ರೆ ನೀರಿಡದೇನೇ 50% ಹತ್ರ ನಿಲ್ಲುತ್ತೆ, ಮೇಲಿಂದ ಬಟ್ಟಲು ನೀರು ಬೇರೆ ಇಟ್ರೆ ಮೊಟ್ಟೆ ಒಳಗಿನ ನೀರು ಆರಿ ಗಾಳಿ ಜಾಗ ದೊಡ್ಡದಾಗೋದಾದ್ರೂ ಹೇಗೆ? ಮೊಟ್ಟೆ ಕೊಟ್ಟವರು "ನೀರು ಖಾಲಿ ಆಗೋಕೆ ಬಿಡ್ಬೇಡಿ" ಅಂದಿದ್ರು, ಅದು ಒಣ ಹವೆಯ ಊರಿಗೆ ಸರಿ ಬಿಡಿ.

ತೇವಾಂಶ ತೋರಿಸೋ ಮೀಟರ್ ನಂಬೋ ಮುಂಚೆ ಚೆಕ್ ಮಾಡ್ಕೊಳ್ಳಿ: ಅಡುಗೆ ಉಪ್ಪನ್ನ ನೀರಲ್ಲಿ ಕೆಸರಿನ ಥರ ಕಲಸಿ ಬಾಟ್ಲಿ ಮುಚ್ಚಳದಲ್ಲಿಟ್ಟು, ಜಿಪ್ ಕವರ್‌ನಲ್ಲಿ ಮೀಟರ್ ಜತೆ ರಾತ್ರಿಯೆಲ್ಲಾ ಬಿಟ್ರೆ 75% ತೋರಿಸ್ಬೇಕು. ನಂದು ಕಮ್ಮಿ ತೋರಿಸ್ತಿತ್ತು, ಆ ವ್ಯತ್ಯಾಸ ಸೇರಿಸ್ಕೊಂಡು ಓದ್ತೀನಿ.

ಆಮೇಲಿನ ಬ್ಯಾಚಿಗೆ ಮೊದಲ 14 ದಿನ ನೀರೇ ಇಡ್ಲಿಲ್ಲ, ಗಾಳಿ ತೂತು ಪೂರ್ತಿ ತೆಗೆದಿಟ್ಟೆ. ಕ್ವೇಲ್ ಮೊಟ್ಟೆ ಚುಕ್ಕೆ ಚುಕ್ಕೆ, ಟಾರ್ಚ್ ಹಿಡಿದ್ರೆ ಒಳಗಿನ ಗಾಳಿ ಜಾಗ ನೆಟ್ಟಗೆ ಕಾಣಲ್ಲ, ಅದಕ್ಕೇ ಚಿನ್ನ ತೂಗೋ ಥರದ ಚಿಕ್ಕ ಡಿಜಿಟಲ್ ಕಾಟಾದಲ್ಲಿ ತೂಕ ನೋಡ್ತಿದ್ದೆ. 10 ಗ್ರಾಂ ಮೊಟ್ಟೆ ಅಷ್ಟೊತ್ತಿಗೆ ಒಂದು ಗ್ರಾಂಗಿಂತ ಸ್ವಲ್ಪ ಜಾಸ್ತಿನೇ ಇಳಿದಿರ್ಬೇಕು, ಇಳೀತು ಕೂಡ. ಆಮೇಲೆ ಮೊಟ್ಟೆ ತಿರುಗಿಸೋದು ನಿಲ್ಲಿಸಿ, ಮರಿ ಹೊರಗೆ ಬರೋವಾಗ ಒಳಪೊರೆ ಒಣಗ್ಬಾರ್ದು ಅಂತ ನೀರಿಟ್ಟು ತೇವಾಂಶನ 65-70%ಗೆ ಏರಿಸ್ದೆ. ಬಹುಪಾಲು ಮರಿ ತಾವೇ ಚಿಪ್ಪು ಕತ್ತರಿಸ್ಕೊಂಡು ಬಂದ್ವು.

ಹಾಂ, ಕೆಳಗೆ ಪೇಪರ್ ಹಾಸ್ಬೇಡಿ, ಮರಿಗಳ ಕಾಲು ಜಾರಿ ಸೊಟ್ಟ ಆಗುತ್ತೆ, ಒರಟು ಮ್ಯಾಟ್ ಹಾಕಿ.