‘ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹವನ್ನು ನಾನು ದಾಟಿದ ಬಗೆ

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಹಾಕಿ, ನಮ್ಮ ಬಡಾವಣೆಯ ಚರಂಡಿ ಕಾಮಗಾರಿಯ ಅಳತೆ ಪುಸ್ತಕವನ್ನು, ಅಂದರೆ ಎಷ್ಟು ಕೆಲಸವಾಗಿದೆಯೆಂದು ಅಳೆದು ಬರೆದಿಡುವ ದಾಖಲೆಯನ್ನು, ಕೊನೆಗೂ ಕಣ್ಣಾರೆ ನೋಡಿ ಬಂದೆ. ಹೆಚ್ಚುಕಡಿಮೆ ಹದಿನಾಲ್ಕು ತಿಂಗಳು ಹಿಡಿಯಿತು. ಕಾಮಗಾರಿ ನಡೆಸಿದ ಆ ಕಚೇರಿಯಿಂದ ಕಾಗದ ಹೊರಬರುವುದುಂಟೇ ಎಂದು ನಕ್ಕಿದ್ದ ಗೆಳೆಯರು ಈಗ ನನ್ನ ಅರ್ಜಿಯ ನಕಲು ಕೇಳುತ್ತಿದ್ದಾರೆ.

ಮೊದಲ ಅರ್ಜಿಯಲ್ಲಿ ಸಿಟ್ಟನ್ನೇ ಪ್ರಶ್ನೆಯಾಗಿಸಿದ್ದೆ. ಕಾಮಗಾರಿ ಏಕೆ ಕಳಪೆಯಾಯಿತು ಎಂದು ಕೇಳಿದ್ದಕ್ಕೆ, ಅದು ಮಾಹಿತಿಯ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂಬ ಹಿಂಬರಹ ಇಪ್ಪತ್ತೊಂಬತ್ತನೆಯ ದಿನ ಬಂತು. ಕಾನೂನಿನ ಪ್ರಕಾರ ಅವರ ಮಾತು ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ ಬೀದಿದೀಪವನ್ನೂ ಕಸದ ಗುತ್ತಿಗೆಯನ್ನೂ ಸೇರಿಸಿದ್ದರಿಂದ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ನಮ್ಮ ರಾಜ್ಯದ ನಿಯಮ ತೋರಿಸಿ ಹಿಂದಿರುಗಿಸಿದರು. ಮೂರನೆಯದು ದುಬಾರಿಯಾಯಿತು. ‘ಸಂಪೂರ್ಣ ಕಡತ’ ಕೇಳಿದ್ದಕ್ಕೆ ಪುಟಕ್ಕೆ ಎರಡು ರೂಪಾಯಿಯಂತೆ ಸುಮಾರು 2,600 ರೂಪಾಯಿ ಕಟ್ಟಿಸಿಕೊಂಡು, ಟೆಂಡರ್ ಷರತ್ತುಗಳನ್ನೇ ಮೂರು ಮೂರು ಪ್ರತಿ ಮಾಡಿ ಹೊರೆ ಹೊರಿಸಿದರು. ಬೇಕಿದ್ದ ಅಳತೆ ಪುಸ್ತಕದ ಒಂದು ಹಾಳೆಯೂ ಅದರಲ್ಲಿರಲಿಲ್ಲ.

ನಾಲ್ಕನೆಯ ಸಲ ನಕಲನ್ನು ಕೇಳಲೇ ಇಲ್ಲ. ಕಾಯ್ದೆಯ ಕಲಂ 2(ಜೆ) ಅಡಿಯಲ್ಲಿ ಕಡತದ ವೀಕ್ಷಣೆಯನ್ನೂ, ಕಾಂಕ್ರೀಟಿನ ದೃಢೀಕೃತ ಮಾದರಿಯನ್ನೂ, ನನ್ನ ಹಳೆಯ ದೂರು ಯಾವ ದಿನ ಯಾರ ಮೇಜಿಗೆ ಹೋಯಿತೆಂಬ ಟಿಪ್ಪಣಿ ಹಾಳೆಯನ್ನೂ ಕೋರಿದೆ. ಆ ದೂರಿಗೆ ‘ಪರಿಶೀಲನೆಯಲ್ಲಿದೆ’ ಎಂದು ಎರಡು ಬಾರಿ ಬರೆದುಕೊಟ್ಟವರಿಗೆ ಇದು ಇಕ್ಕಟ್ಟಾಯಿತು, ಏಕೆಂದರೆ ಪರಿಶೀಲಿಸಿದ್ದರೆ ಆ ಹಾಳೆಯ ಮೇಲೆ ಯಾರದಾದರೂ ಸಹಿ ಇರಲೇಬೇಕಿತ್ತು. ಆಗ ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂತು. ಪ್ರಥಮ ಮೇಲ್ಮನವಿಯಲ್ಲಿ 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮವನ್ನು ಉಲ್ಲೇಖಿಸಿ, ಕಡತ ಕಳೆದುದರ ಬಗ್ಗೆ ಯಾರು ಯಾರಿಗೆ ವರದಿ ಮಾಡಿದ್ದಾರೆಂದು ಕೇಳಿದೆ. ಹತ್ತೇ ದಿನದಲ್ಲಿ ಕಡತ ಸಿಕ್ಕಿತು. ಆ ಮೇಲ್ಮನವಿಯ ಇನ್ನೆರಡು ಸಾಲುಗಳನ್ನು ಇಲ್ಲಿ ಬರೆಯಲಾರೆ, ಅವು ಸದ್ಯ ಬೇರೊಂದು ಕಚೇರಿಯಲ್ಲಿ ಕೆಲಸ ಮಾಡುತ್ತಿವೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಅದೇ ಅರ್ಜಿಯನ್ನು ನಿವೃತ್ತ ಮೇಷ್ಟ್ರಾದ ನಮ್ಮ ಮಾವನವರ ಹೆಸರಿನಲ್ಲಿ ಕಳುಹಿಸಿದಾಗ, ‘ನಿಮಗೇಕೆ ಸಾರ್ ಈ ಉಸಾಬರಿ’ ಎಂದು ವಿನಯದಿಂದಲೇ ಫೋನು ಬಂತು. ಅರ್ಜಿದಾರರು ಕಾರಣ ಕೊಡಬೇಕಿಲ್ಲವೆಂದು ಕಲಂ 6(2) ಹೇಳುತ್ತದೆ. ಮಾವನವರು ಅದನ್ನು ಪಾಠದಂತೆ ಓದಿ ಹೇಳಿ ಫೋನಿಟ್ಟರು.

ಪುಸ್ತಕದಲ್ಲಿ 210 ಮೀಟರ್ ಎಂದಿದ್ದ ಚರಂಡಿ ನಮ್ಮ ಟೇಪಿಗೆ 160 ದಾಟಲಿಲ್ಲ. ಉಳಿದ ಉದ್ದಕ್ಕೆ ಗುತ್ತಿಗೆದಾರರು ಕಳೆದ ವಾರ ಅಗೆತ ಶುರುಮಾಡಿದ್ದಾರೆ. ಕಾಂಕ್ರೀಟಿನ ಮಾದರಿಯನ್ನು ಮಾತ್ರ ಇನ್ನೂ ಕೊಟ್ಟಿಲ್ಲ; ಅದರ ದ್ವಿತೀಯ ಮೇಲ್ಮನವಿ ಮಾಹಿತಿ ಆಯೋಗದಲ್ಲಿ ಸರದಿ ಕಾಯುತ್ತಿದೆ.