ಗೆರೆ ಎಣಿಸದ ಚಿಪ್ಪು

ನಿಂಟೆಂಡೊದ ಹಳೇ ಗೇಮ್ ಡಬ್ಬಿ ಫ್ಯಾಮಿಕಾಮ್‌ನ ಹಾಗೇ ಕಂಪ್ಯೂಟರ್‌ನಲ್ಲಿ ನಡೆದುಕೊಳ್ಳುವ ಪ್ರೋಗ್ರಾಂ, ಅಂದರೆ ಎಮ್ಯುಲೇಟರ್, ಒಂದನ್ನು ಬರೆದೆ. ಅದರಲ್ಲಿ ಸೂಪರ್ ಮಾರಿಯೊ ಬ್ರದರ್ಸ್ 3 ಶುರುವಾಯಿತು, ಓಡಿತು. ಆದರೆ ಪರದೆಯ ಕೆಳಗೆ ಅಂಕ ತೋರಿಸುವ ಪಟ್ಟಿಯ ಮೇಲಂಚು ನಡುಗುತ್ತಿತ್ತು. ಮಾರಿಯೊ ಬಲಕ್ಕೆ ಓಡಿದಾಗೆಲ್ಲ ಅಲ್ಲಿಂದ ಒಂದು ಗೆರೆ ಕಿತ್ತುಬಂದು ಅವನ ಜೊತೆಗೇ ಜಾರುತ್ತಿತ್ತು. ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಪೂರ್ತಿ ಟಿವಿಗೆ ಚುಚ್ಚಿ ಆಡುತ್ತಿದ್ದ ಫ್ಯಾಮಿಕಾಮ್‌ನ ನಕಲು ಡಬ್ಬಿಯಲ್ಲಿ ಇಂಥ ಪಟ್ಟಿ ಕಲ್ಲಿನ ಹಾಗೆ ನಿಂತಿರುತ್ತಿತ್ತು. ಇಲ್ಲೂ ಹಾಗೇ ನಿಲ್ಲಬೇಕು ಅಂತ ನನಗೆ ಹಟ.

ಪಟ್ಟಿಯನ್ನು ನಿಲ್ಲಿಸಲು ನೆರವಾಗುವುದು ಆಟದ ಕ್ಯಾಸೆಟ್ಟು. ಅದರೊಳಗಿನ ಎಂಎಂಸಿ3 ಚಿಪ್ಪಿನಲ್ಲಿ ಒಂದು ಕೌಂಟರ್ ಇದೆ. ಲೆಕ್ಕ ಮುಗಿದ ಕೂಡಲೇ ಅದು ಸಿಪಿಯುಗೆ ಇಂಟರಪ್ಟ್ (ಕೈಲಿರುವ ಕೆಲಸ ಬಿಟ್ಟು ಇತ್ತ ನೋಡು ಎಂಬ ಸೂಚನೆ) ಕೊಡುತ್ತದೆ, ಆಟ ಆ ಕ್ಷಣದಲ್ಲಿ ಸ್ಕ್ರೋಲ್, ಅಂದರೆ ಚಿತ್ರ ಜಾರುವ ಅಳತೆ, ಬದಲಿಸುತ್ತದೆ. ನಾನು ಸುಲಭದ ದಾರಿ ಹಿಡಿದಿದ್ದೆ: ಒಂದು ಗೆರೆಗೆ 341 ಚುಕ್ಕೆ, 260ನೇ ಚುಕ್ಕೆ ಬಂದಾಗ ಕೌಂಟರ್‌ನಿಂದ ಒಂದು ಕಳೆ.

ಮಂಡಿಪೇಟೆಯ ರಿಪೇರಿ ಅಂಗಡಿಯ ಅಣ್ಣ ಹಳೇ ಕ್ಯಾಸೆಟ್ಟೊಂದನ್ನು ಬಿಚ್ಚಿ ಕೈಗಿಟ್ಟರು. ಒಳಗೆ ಹಸಿರು ಬೋರ್ಡು, ನಡುವೆ ಕಪ್ಪು ಅಂಟಿನ ಗುಳ್ಳೆ, ಅಂಚಿಗೆ ಸವೆದ 60 ಕಾಲು. “ತಮ್ಮಾ, ಟಿವಿ ಗೆರೆ ಇದಕ್ಕೆ ಹೆಂಗ್ ಗೊತ್ತಾಗ್ಬೇಕು? ಈ ಕಾಲಲ್ಲಿ ಬಂದಿದ್ದಷ್ಟೇ ಅಲ್ವಾ ಅದಕ್ಕೆ ಕಾಣೋದು” ಅಂದರು. ನನ್ನ ತಪ್ಪು ಅಲ್ಲೇ ಇತ್ತು.

ಕೌಂಟರ್‌ಗಾಗಿ ಚಿಪ್ಪು ನೋಡುವುದು ಪಿಪಿಯುನ, ಅಂದರೆ ಪರದೆಯ ಚಿತ್ರ ಬಿಡಿಸುವ ಚಿಪ್ಪಿನ, ಎ12 ಎಂಬ ಒಂದೇ ವಿಳಾಸ ತಂತಿಯನ್ನು. ಅದು ಸೊನ್ನೆಯಿಂದ ಒಂದಕ್ಕೆ ಏರಿದಾಗ ಒಂದು ಲೆಕ್ಕ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಎಣಿಸುವವನು ಬಾಗಿಲು ದಾಟಿದ್ದನ್ನಷ್ಟೇ ಗೀಟು ಹಾಕುತ್ತಾನೆ, ಅದು ಯಾವ ಲಾರಿಯ ಚೀಲ ಅಂತ ಅವನಿಗೆ ಬೇಕಿಲ್ಲ. ಹಿನ್ನೆಲೆಯ ಚಿತ್ರಗಳು ಪಿಪಿಯುನ ಚಿತ್ರ ಮೆಮೊರಿಯ ಕೆಳಗಿನ ಅರ್ಧದಲ್ಲೂ ಸ್ಪ್ರೈಟ್‌ಗಳು (ಮಾರಿಯೊನಂಥ ಓಡಾಡುವ ಗೊಂಬೆಗಳು) ಮೇಲಿನ ಅರ್ಧದಲ್ಲೂ ಇದ್ದರೆ ಏರಿಕೆ 260ರ ಹತ್ತಿರ ಬರುತ್ತದೆ. ಅದಲುಬದಲಾದರೆ 324ರ ಹತ್ತಿರ. ಆಟ ವಿಳಾಸ ರಿಜಿಸ್ಟರ್‌ಗೆ ಬರೆದಾಗ ಎ12 ಏರಿದರೂ ಒಂದು ಲೆಕ್ಕ ಬೀಳಬಹುದು. ಹಾಗಾಗಿ ಗೆರೆಯ ಲೆಕ್ಕ ಕಿತ್ತುಹಾಕಿ ಆ ತಂತಿಯ ಏರಿಳಿತವನ್ನೇ ಕೋಡ್‌ನಲ್ಲಿ ಬರೆದೆ.

ಪಟ್ಟಿ ಈಗ ಪರದೆಯ ನೆತ್ತಿಗೇ ಹತ್ತಿ ಕೂತಿತು! ಲಾಗ್ ತೆಗೆದು ನೋಡಿದರೆ ಪ್ರತಿ ಗೆರೆಗೆ ಎಂಟು ಲೆಕ್ಕ. ಎಂಟು ಸ್ಪ್ರೈಟ್‌ಗಳ ಚಿತ್ರ ತರುವಾಗ ನಡುನಡುವೆ ಎ12 ನಾಲ್ಕು ಚುಕ್ಕೆಗಳಷ್ಟು ಹೊತ್ತು ಇಳಿದು ಮತ್ತೆ ಏರುತ್ತದೆ. ನಿಜವಾದ ಚಿಪ್ಪು ಇಂಥ ಚಿಕ್ಕ ಇಳಿತಗಳನ್ನು ಸೋಸುತ್ತದೆ: ಎ12 ಕೆಳಗಿರುವಾಗ ಸಿಪಿಯುನ ಎಂ2 ಗಡಿಯಾರ ಮೂರು ಸಲ ಇಳಿದಿರಬೇಕು, ಆಮೇಲಿನ ಏರಿಕೆ ಮಾತ್ರ ಲೆಕ್ಕಕ್ಕೆ. ಒಂದು ಸಿಪಿಯು ಸೈಕಲ್‌ಗೆ ಮೂರು ಚುಕ್ಕೆ, ನಾಲ್ಕು ಚುಕ್ಕೆಯಲ್ಲಿ ಮೂರು ಇಳಿತ ಬರುವುದೇ ಇಲ್ಲ. ಈ ಸೋಸುವಿಕೆಗೆ ಆರೇ ಸಾಲಿನ ಕೋಡ್ ಸಾಕಾಯಿತು, ಪಟ್ಟಿ ಕೆಳಗಿಳಿಯಿತು.

ನಡುಕ ಕಮ್ಮಿಯಾಯಿತೇ ಹೊರತು ನಿಲ್ಲಲಿಲ್ಲ. ಅದಕ್ಕೆ ಕಾರಣ ನನ್ನ ಸಿಪಿಯು. ಒಂದು ಇನ್‌ಸ್ಟ್ರಕ್ಷನ್ ಪೂರ್ತಿ ಮುಗಿಸಿ, ಆಮೇಲೆ ಪಿಪಿಯುವನ್ನು ಅಲ್ಲಿಗೆ ಎಳೆದು ತರುತ್ತಿದ್ದೆ. ಫ್ಯಾಮಿಕಾಮ್ ಸಿಪಿಯುನ ತಿರುಳಾದ 6502 ಸಾಮಾನ್ಯವಾಗಿ ಇನ್‌ಸ್ಟ್ರಕ್ಷನ್‌ನ ಕೊನೆಯ ಸೈಕಲ್‌ಗೆ ಮುಂಚಿನದರಲ್ಲೇ ಇಂಟರಪ್ಟ್ ತಂತಿಯನ್ನು ನೋಡಿಬಿಡುತ್ತದೆ. ಕೊನೇ ಸೈಕಲ್‌ನಲ್ಲಿ ಬಂದದ್ದು ಇನ್ನೊಂದು ಇನ್‌ಸ್ಟ್ರಕ್ಷನ್ ಕಾಯಬೇಕು. ನನ್ನದು ಅದನ್ನೂ ಆಗಲೇ ಒಳಗೆ ಬಿಡುತ್ತಿತ್ತು. ಪ್ರತಿ ಮೆಮೊರಿ ಓದು, ಬರಹಕ್ಕೂ ಪಿಪಿಯು ಮೂರು ಚುಕ್ಕೆ ನಡೆಯುವ ಹಾಗೆ ಸಿಪಿಯುವನ್ನು ಮೊದಲಿಂದ ಬರೆದೆ. ಎರಡು ವಾರ ಹಿಡಿಯಿತು. ಈ ಕೆಲಸಕ್ಕೆ ಇಳಿಯುವವರು ಇದನ್ನೇ ಮೊದಲು ಮಾಡಿಕೊಳ್ಳಿ, ನಂತರ ತಿದ್ದಹೋದರೆ ಎಲ್ಲವನ್ನೂ ಕೆಡವಬೇಕಾಗುತ್ತದೆ.

ಪಟ್ಟಿ ನಿಂತಿತು. ಉಳಿದದ್ದು ಚಿಪ್ಪಿನ ಎರಡು ಆವೃತ್ತಿಗಳ ಜಗಳ: ಲ್ಯಾಚ್‌ಗೆ (ಕೌಂಟರ್ ಎಷ್ಟರಿಂದ ಎಣಿಸಬೇಕೆಂದು ಹೇಳುವ ಜಾಗ) ಸೊನ್ನೆ ಬರೆದರೆ ಒಂದು ಪ್ರತಿ ಏರಿಕೆಗೂ ಇಂಟರಪ್ಟ್ ಕೊಡುತ್ತದೆ, ಇನ್ನೊಂದು ಒಮ್ಮೆ ಕೊಟ್ಟು ಸುಮ್ಮನಾಗುತ್ತದೆ. ಎರಡನ್ನೂ ಇಟ್ಟು, ಆಟಕ್ಕೆ ತಕ್ಕಂತೆ ಆರಿಸಲು ಬಿಟ್ಟಿದ್ದೇನೆ.

ಈಗ ಮನೆಯ ಆ ಹಳೇ ಡಬ್ಬಿಯ ಸರದಿ. ನಮ್ಮ ಹಳೇ ಟಿವಿಗಳ ಪದ್ಧತಿಯಾದ ಪಾಲ್‌ಗೆಂದು ಮಾಡಿದ ಅಂಥ ನಕಲುಗಳಲ್ಲಿ 262ರ ಬದಲು 312 ಗೆರೆ. ಪಿಪಿಯುನಲ್ಲಿ ಆ ಅಂಕಿ ಬದಲಿಸಿದೆ, ಕೌಂಟರ್‌ನ ಕೋಡ್ ಮುಟ್ಟಲಿಲ್ಲ, ಪಟ್ಟಿ ಅಲುಗಲಿಲ್ಲ.